ಕೋರಾಡಿಯ ದೀಪ, ದೀಪದ ಬುಡದ ಕತ್ತಲೆ

ನಾಗಪುರದಲ್ಲಿ ನೆಲಸಿದ ನಮ್ಮ ಸಂಸಾರಗಳಿಗೆ ಕೋರಾಡಿ ಎಂದೊಡನೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಒಂದು, ಜಗದಂಬೆಯ ಗುಡಿ. ನವರಾತ್ರಿ ಬಂತೆಂದರೆ ಅಲ್ಲಿಗೆ ಹರಿದು ಹೋಗುವ ಜನಸಾಗರದಲ್ಲಿ ನಮ್ಮವರೂ ಇರುತ್ತಾರೆ. ಇನ್ನೊಂದು, ಗುಡಿಯ ಆಚೆಗೆ ಮುಗಿಲಿಗೆ ತಲೆಯೆತ್ತಿ ನಿಂತ ಚಿಮಣಿಗಳು. ಊರಿನಿಂದ ಬಂದ ನೆಂಟರಿಷ್ಟರನ್ನು ಗುಡಿಗೆ ಕರೆದೊಯ್ಯುತ್ತೇವೆ. ಚಿಮಣಿಗಳನ್ನು ಮಾತ್ರ ದೂರದಿಂದಲೇ ತೋರಿಸಿ, "ಅಗೋ, ಅಲ್ಲಿ ಕರೆಂಟು ತಯಾರಾಗುತ್ತದೆ" ಎಂದು ಹೇಳಿ ಮುಂದೆ ಸಾಗುತ್ತೇವೆ.

ಆದರೆ ಆ ಕರೆಂಟು ತಯಾರಾಗುವುದು ಹೇಗೆ, ಅದು ಹೋಗುವುದು ಎಲ್ಲಿಗೆ, ಅದರ ಬೆಲೆಯನ್ನು ತೆರುವವರು ಯಾರು ಎಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ? ಮನೆಯಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಕೂಲರು ತಿರುಗುತ್ತದೆ. ಅಲ್ಲಿಗೆ ನಮ್ಮ ವಿಚಾರ ಮುಗಿಯಿತು. ಕರೆಂಟು ಹೋದಾಗ ಮಾತ್ರ ನಮಗೆ ವಿದ್ಯುಚ್ಛಕ್ತಿಯ ನೆನಪು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆಯ ಅರ್ಥವನ್ನು ಕೋರಾಡಿಯಷ್ಟು ಚೆನ್ನಾಗಿ ತಿಳಿಸಿಕೊಡುವ ಊರು ಬೇರೆ ಇರಲಾರದು.

ಇದ್ದಲು ದೀಪವಾಗುವ ಬಗೆ

ನಾಗಪುರದ ಉತ್ತರಕ್ಕೆ ಸಾವನೇರದ ಹಾದಿಯಲ್ಲಿ ಕೋರಾಡಿ ಇದೆ. ಇಲ್ಲಿಯೇ ಉಷ್ಣವಿದ್ಯುತ್ ಸ್ಥಾವರವನ್ನು ಕಟ್ಟಿದ್ದು ಆಕಸ್ಮಿಕವಲ್ಲ. ಸುತ್ತಲೂ ಕಾಮಠಿ, ಉಮರೇಡ, ಸಾವನೇರಗಳ ಕಲ್ಲಿದ್ದಲ ಗಣಿಗಳಿವೆ. ಪೇಂಚ್ ನದಿಯ ನೀರು ಸಮೀಪದಲ್ಲಿದೆ. ಇದ್ದಲು, ನೀರು ಎರಡೂ ಕೈಗೆ ಎಟುಕುವಂತಿದ್ದರೆ ಉಗಿಯಿಂದ ವಿದ್ಯುತ್ತನ್ನು ಮಾಡುವುದು ಸುಲಭ.

೧೯೭೪ರಲ್ಲಿ ಇಲ್ಲಿಯ ಮೊದಲನೆಯ ಘಟಕ ಕೆಲಸ ಆರಂಭಿಸಿತು. ೧೯೭೬ರ ಹೊತ್ತಿಗೆ ಅಂಥ ನಾಲ್ಕು ಸಣ್ಣ ಘಟಕಗಳಾದವು. ೧೯೭೮ರಿಂದ ೧೯೮೩ರೊಳಗೆ ೨೦೦, ೨೧೦ ಮೆಗಾವಾಟಿನ ಮೂರು ಘಟಕಗಳು ಸೇರಿಕೊಂಡವು. ಮುದಿಯಾದ ಹಳೆಯ ಯಂತ್ರಗಳನ್ನು ಕಾಲಕ್ರಮದಲ್ಲಿ ನಿಲ್ಲಿಸಲಾಯಿತು. ೨೦೧೫ರ ಕೊನೆಯಿಂದ ೨೦೧೭ರ ಆರಂಭದವರೆಗೆ ಒಂದೊಂದೂ ೬೬೦ ಮೆಗಾವಾಟಿನ ಮೂರು ಹೊಸ ಘಟಕಗಳು ಬಂದವು. ಈ ಮೂರೇ ಸೇರಿ ೧,೯೮೦ ಮೆಗಾವಾಟು ಆಗುತ್ತದೆ.

ಕೆಲಸದ ಬಗೆ ತಾಯಂದಿರಿಗೆ ಹೊಸದೇನೂ ಅಲ್ಲ. ಒಲೆಯ ಮೇಲೆ ಪಾತ್ರೆಯಿಟ್ಟು ನೀರು ಕುದಿಸಿದರೆ ಉಗಿ ಮುಚ್ಚಳವನ್ನು ಎತ್ತಿ ಕುಣಿಸುತ್ತದೆಯಲ್ಲವೆ? ಇಲ್ಲಿಯೂ ಅದೇ. ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಂತೆ ನುಣ್ಣಗೆ ಅರೆದು, ಗಾಳಿಯೊಡನೆ ಒಲೆಯೊಳಕ್ಕೆ ಊದಿ ಉರಿಸುತ್ತಾರೆ. ಒಲೆಯ ಗೋಡೆಗಳಲ್ಲಿರುವ ಕೊಳವೆಗಳ ನೀರು ಉಗಿಯಾಗಿ, ರಭಸದಿಂದ ಹೊರಟು ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ಟರ್ಬೈನಿನೊಡನೆ ಜನರೇಟರು ತಿರುಗುತ್ತದೆ, ವಿದ್ಯುತ್ತು ಹುಟ್ಟುತ್ತದೆ. ಹೊಸ ಘಟಕಗಳಲ್ಲಿ ಒತ್ತಡವನ್ನು ಎಷ್ಟು ಏರಿಸಿರುತ್ತಾರೆಂದರೆ ನೀರು ಗುಳ್ಳೆಯೆದ್ದು ಕುದಿಯುವ ಪ್ರಮೇಯವೇ ಇಲ್ಲದೆ ನೇರವಾಗಿ ಉಗಿಯಂತಾಗುತ್ತದೆ. ಇದರಿಂದ ಇದ್ದಲು ಸ್ವಲ್ಪ ಉಳಿಯುತ್ತದೆ. ಇಷ್ಟಾದರೂ, ಉರಿಸಿದ ಇದ್ದಲಿನ ನೂರು ಪಾಲು ಶಾಖದಲ್ಲಿ ವಿದ್ಯುತ್ತಾಗಿ ಹೊರಬರುವುದು ಸುಮಾರು ನಾಲ್ವತ್ತು ಪಾಲು ಮಾತ್ರ. ಉಳಿದದ್ದು ಚಿಮಣಿಯಿಂದಲೂ, ತಂಪುಗೋಪುರಗಳಿಂದಲೂ ಆಕಾಶದ ಪಾಲು. ಅಗಲವಾದ ಗಿಡ್ಡ ಗೋಪುರಗಳಿಂದ ಏಳುವ ಬಿಳಿಯ ಮೋಡ ಹೊಗೆಯಲ್ಲ, ನೀರಿನ ಆವಿ. ಹೊಗೆ ಬರುವುದು ಸಪೂರವಾದ ಎತ್ತರದ ಚಿಮಣಿಯಿಂದ.

ಈಗ ಸ್ವಲ್ಪ ಲೆಕ್ಕ. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಮಾಡಲು ಸರಾಸರಿ ಮುಕ್ಕಾಲು ಕಿಲೋಗಿಂತ ತುಸು ಕಡಿಮೆ ಇದ್ದಲು ಬೇಕು. ಒಂದು ೬೬೦ ಮೆಗಾವಾಟಿನ ಘಟಕ ಪೂರ್ಣ ಬಲದಿಂದ ಒಂದು ತಾಸು ಓಡಿದರೆ ೬ ಲಕ್ಷ ೬೦ ಸಾವಿರ ಯೂನಿಟ್ ಕೊಡುತ್ತದೆ; ಅದಕ್ಕೆ ನಾನೂರು ಟನ್ನಿಗೂ ಹೆಚ್ಚು ಇದ್ದಲು ಉರಿಯುತ್ತದೆ. ಮೂರೂ ಘಟಕಗಳು ಹಗಲಿರುಳು ಓಡಿದರೆ ದಿನಕ್ಕೆ ಸುಮಾರು ಮೂವತ್ತು ಸಾವಿರ ಟನ್ನು. ಎಂದರೆ ಏಳೆಂಟು ಗೂಡ್ಸ್ ರೈಲುಗಳ ಭರ್ತಿ! ನಮ್ಮ ಇದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿ. ಆದ್ದರಿಂದ ದಿನಾಲು ಹತ್ತು ಸಾವಿರ ಟನ್ನಿನ ಹತ್ತಿರ ಬೂದಿಯೂ ಹುಟ್ಟುತ್ತದೆಯೆಂದಾಯಿತು.

ನೀರಿನ ಲೆಕ್ಕವೂ ಸಣ್ಣದಲ್ಲ. ಆದರೆ ಈ ವಿಷಯದಲ್ಲಿ ಕೋರಾಡಿಯನ್ನು ಮೆಚ್ಚಬೇಕು. ನಾಗಪುರದ ಮನೆಮನೆಗಳಿಂದ ಚರಂಡಿಗೆ ಹೋಗುವ ಹೊಲಸು ನೀರನ್ನು ಭಾಂಡೇವಾಡಿಯಲ್ಲಿ ಶುದ್ಧಿ ಮಾಡಿ, ಕೊಳವೆಯ ಮೂಲಕ ಇಲ್ಲಿಗೆ ತಂದು ಯಂತ್ರಗಳನ್ನು ತಂಪು ಮಾಡಲು ಬಳಸುತ್ತಾರೆ. ೨೦೦೮ರಲ್ಲಿ ಮಹಾನಗರಪಾಲಿಕೆಗೂ ಸ್ಥಾವರದ ಒಡೆತನದ ಮಹಾಜೆನ್‌ಕೊ ಸಂಸ್ಥೆಗೂ ಇದಕ್ಕಾಗಿ ಒಪ್ಪಂದವಾಯಿತು. ದಿನಕ್ಕೆ ೧೩ ಕೋಟಿ ಲೀಟರು ನೀರನ್ನು ಹೀಗೆ ಶುದ್ಧಿಮಾಡುವ ವ್ಯವಸ್ಥೆಯಿಂದ ಈ ಕೆಲಸ ಮೊದಲಾಯಿತು. ಅಷ್ಟು ಪೇಂಚ್ ನೀರು ಕುಡಿಯುವವರಿಗೆ ಉಳಿಯಿತು. ನಾವು ಸ್ನಾನ ಮಾಡಿ ಚೆಲ್ಲಿದ ನೀರು ನಮ್ಮ ದೀಪಕ್ಕೆ ನೆರವಾಗುವುದೆಂದರೆ ಸಂತೋಷದ ಸಂಗತಿಯಲ್ಲವೆ?

ಕೊರತೆಯ ಕಾಲ

ಇಷ್ಟೆಲ್ಲ ವಿದ್ಯುತ್ತು ಹುಟ್ಟುವ ಪ್ರಾಂತದಲ್ಲಿ ಕತ್ತಲೆಗೆ ಎಡೆಯೆಲ್ಲಿ ಎಂದು ಕೇಳಬಹುದು. ಇಪ್ಪತ್ತು ವರ್ಷಗಳ ಹಿಂದಿನ ದಿನಗಳನ್ನು ಕಂಡವರು ಹಾಗೆ ಕೇಳಲಾರರು. ೨೦೦೫ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ಬೇಡಿಕೆಗೂ ಪೂರೈಕೆಗೂ ನಡುವೆ ನಾಲ್ಕು ಸಾವಿರ ಮೆಗಾವಾಟಿಗೂ ಹೆಚ್ಚಿನ ಅಂತರ ಬಿದ್ದಿತ್ತು. ಅದಕ್ಕೆ ಕಾರಣಗಳು ಹಲವು. ಕೊಂಕಣದ ದಾಭೋಳದಲ್ಲಿ ಎನ್ರಾನ್ ಕಂಪನಿಯ ಸ್ಥಾವರ ೨೦೦೧ರಲ್ಲಿ ನಿಂತುಹೋಯಿತು. ಅದನ್ನೇ ನಂಬಿ ಕುಳಿತಿದ್ದ ಸರಕಾರ ಬೇರೆ ಸ್ಥಾವರಗಳನ್ನು ಸಕಾಲದಲ್ಲಿ ಕಟ್ಟಿರಲಿಲ್ಲ. ಪಟ್ಟಣಗಳು ಬೆಳೆದವು, ಬೇಡಿಕೆ ಏರಿತು. ಆಗ ಬಂದದ್ದೇ 'ಲೋಡ್ ಶೆಡಿಂಗ್' ಎಂಬ ಮಾತು. ಹಳ್ಳಿಗಳಲ್ಲಿ ದಿನಕ್ಕೆ ಹತ್ತು, ಹನ್ನೆರಡು ತಾಸು ಕರೆಂಟು ಇರುತ್ತಿರಲಿಲ್ಲ. ವಿದರ್ಭದ ಬೇಸಗೆಯಲ್ಲಿ ಫ್ಯಾನು ನಿಂತರೆ ಕೂಸು, ಮುದುಕರ ಪಾಡು ಏನೆಂಬುದನ್ನು ನಾಗಪುರದಲ್ಲಿ ಒಂದು ಮೇ ತಿಂಗಳು ಕಳೆದವರಿಗೆ ವಿವರಿಸಬೇಕಾಗಿಲ್ಲ.

ವಿದರ್ಭದ ಜನರ ಸಂಕಟಕ್ಕೆ ಇನ್ನೊಂದು ಮುಖವಿತ್ತು. ರಾಜ್ಯದ ದೊಡ್ಡ ಉಷ್ಣಸ್ಥಾವರಗಳಾದ ಚಂದ್ರಪುರ, ಕೋರಾಡಿ, ಖಾಪರಖೇಡಾ ಇವೆಲ್ಲ ಇರುವುದು ವಿದರ್ಭದಲ್ಲಿ. ವಿದ್ಯುತ್ತಿನ ದೊಡ್ಡ ಗಿರಾಕಿಗಳು ಇರುವುದು ಮುಂಬಯಿ, ಪುಣೆಗಳ ಕಡೆಗೆ. ೧೯೯೯ರಲ್ಲಿ ಚಂದ್ರಪುರದಿಂದ ಮುಂಬಯಿಯ ಬಳಿಯ ಪಡಘೆಯವರೆಗೆ ೭೫೨ ಕಿಲೊಮೀಟರು ಉದ್ದದ ತಂತಿಯ ಹೆದ್ದಾರಿಯೊಂದನ್ನು ಎಳೆದರು. ೧,೫೦೦ ಮೆಗಾವಾಟು ಶಕ್ತಿಯನ್ನು ಅದು ಹೊತ್ತೊಯ್ಯಬಲ್ಲುದು. ರಾಜ್ಯವೆಲ್ಲ ಒಂದೇ ಸಂಸಾರವಾದ ಮೇಲೆ ಶಕ್ತಿಯನ್ನು ಹಂಚಿಕೊಳ್ಳುವುದು ತಪ್ಪಲ್ಲ. ಆದರೆ ಅಡಿಗೆ ಮಾಡಿದವರಿಗೆ ಹೊಗೆ, ದೂರದ ಅತಿಥಿಗಳಿಗೆ ಊಟ ಎಂಬಂತಾದರೆ ಅಡಿಗೆಮನೆಯವರು ಮುಖ ಗಂಟಿಕ್ಕುವುದು ಸಹಜ.

ಮುಂದೆ ಹೊಸ ಘಟಕಗಳು ಬಂದವು; ಹಳೆಯ ದಿನಗಳ ಲೋಡ್ ಶೆಡಿಂಗ್ ಬಹಳ ಮಟ್ಟಿಗೆ ಇಳಿಯಿತು. ಆದರೆ ಇದ್ದಲನ್ನೇ ನಂಬಿದರೆ ಹೆದರಿಕೆ ತಪ್ಪಿದ್ದಲ್ಲ. ೨೦೨೧ರ ಅಕ್ಟೋಬರಿನಲ್ಲಿಯೂ, ಮತ್ತೆ ೨೦೨೨ರ ಏಪ್ರಿಲಿನಲ್ಲಿಯೂ ದೇಶದಾದ್ಯಂತ ಸ್ಥಾವರಗಳ ಅಂಗಳದಲ್ಲಿ ಇದ್ದಲ ರಾಶಿ ಕರಗಿ, ಕೆಲವೇ ದಿನಗಳಿಗೆ ಸಾಲುವಷ್ಟು ಉಳಿದದ್ದು ಪತ್ರಿಕೆಗಳನ್ನು ಓದುವವರಿಗೆ ಗೊತ್ತೇ ಇದೆ.

ಬೆಲೆ ತೆರುವವರು ಯಾರು?

ತಿಂಗಳಿಗೊಮ್ಮೆ ಬರುವ ಬಿಲ್ಲನ್ನು ಕಟ್ಟಿದರೆ ನಮ್ಮ ಋಣ ತೀರಿತೆಂದು ನಾವು ತಿಳಿದಿದ್ದೇವೆ. ಬಿಲ್ಲಿನಲ್ಲಿ ಕಾಣದ ಬೆಲೆಯೊಂದಿದೆ. ಅದನ್ನು ಕೋರಾಡಿ, ಖಾಪರಖೇಡಾಗಳ ಸುತ್ತಲಿನ ಹಳ್ಳಿಗರು ಕಟ್ಟುತ್ತಿದ್ದಾರೆ.

ಸ್ಥಾವರದ ಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯಿಂದ ದೊಡ್ಡ ಕಟ್ಟೆಗಳೊಳಗೆ ಬಿಡುತ್ತಾರೆ. ಇವೇ ಬೂದಿಕೆರೆಗಳು. ಕೆರೆ ಒಣಗಿ ಬೇಸಗೆಯ ಗಾಳಿ ಎದ್ದಿತೆಂದರೆ ನುಣ್ಣನೆಯ ಬೂದಿ ಹಾರಿ ಹೊಲದ ಹತ್ತಿಯ ಮೇಲೂ, ಅಂಗಳದ ಹಪ್ಪಳದ ಮೇಲೂ ಕೂರುತ್ತದೆ. ಮಳೆಗಾಲದ ಭಯ ಬೇರೆ. ೨೦೨೨ರ ಜುಲೈಯ ದೊಡ್ಡ ಮಳೆಯಲ್ಲಿ ಕೋರಾಡಿ ಸ್ಥಾವರದ ಖಸಾರಾ ಬೂದಿಕೆರೆಯ ಕಟ್ಟೆ ಒಡೆದು, ಬೂದಿ ತುಂಬಿದ ನೀರು ಹೊಲಗಳಿಗೂ ಹಳ್ಳಕ್ಕೂ ನುಗ್ಗಿತು. ಬೂದಿಯಿಂದ ಇಟ್ಟಿಗೆ ಮಾಡಬಹುದು, ಸಿಮೆಂಟಿಗೆ ಬೆರೆಸಬಹುದು, ರಸ್ತೆಗೆ ಹಾಕಬಹುದು. ಬೂದಿಯನ್ನೆಲ್ಲ ಹೀಗೆ ಉಪಯೋಗಿಸಿ ಮುಗಿಸತಕ್ಕದ್ದೆಂದು ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಆಜ್ಞೆಯೇ ಇದೆ. ಹುಟ್ಟುವ ವೇಗಕ್ಕೆ ಉಪಯೋಗದ ವೇಗ ಸಾಟಿಯಾಗಬೇಕಷ್ಟೆ.

ಹೊಗೆಯ ಮಾತು ಇನ್ನೂ ಉದ್ದ. ಇದ್ದಲಿನಲ್ಲಿರುವ ಗಂಧಕ ಉರಿದು ಬರುವ ಅನಿಲ ಎದೆಗೆ ಒಳ್ಳೆಯದಲ್ಲ. ಅದನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆದು ಹೊರಬಿಡುವ ಯಂತ್ರಗಳನ್ನು ಕೂಡಿಸಲೇಬೇಕಾಗುವಂಥ ಕಟ್ಟುನಿಟ್ಟಾದ ಮಿತಿಗಳು ೨೦೧೫ರ ಡಿಸೆಂಬರಿನಲ್ಲಿ ಬಂದವು. ಕೊಟ್ಟ ಗಡುವು ಎರಡು ವರ್ಷ. ಆ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ೨೦೨೫ರ ಜುಲೈಯಲ್ಲಿ ದೇಶದ ಬಹುಪಾಲು ಘಟಕಗಳಿಗೆ ಈ ಯಂತ್ರದಿಂದ ವಿನಾಯಿತಿಯೇ ದೊರೆಯಿತು. ಹತ್ತು ಲಕ್ಷ ಜನಸಂಖ್ಯೆಯ ನಗರಗಳಿಂದ ಹತ್ತು ಕಿಲೊಮೀಟರಿನೊಳಗಿರುವ ಘಟಕಗಳಿಗೆ ಆ ವಿನಾಯಿತಿ ಸಿಗಲಿಲ್ಲ. ನಾಗಪುರದವರಾದ ನಾವು ಈ ಸಾಲನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೋರಾಡಿಯಲ್ಲಿ ೬೬೦ ಮೆಗಾವಾಟಿನ ಇನ್ನೆರಡು ಘಟಕಗಳನ್ನು ಕಟ್ಟುವ ಯೋಜನೆಯೂ ಎದ್ದಿತು. ೨೦೨೩ರ ಮೇ ತಿಂಗಳಲ್ಲಿ ಅದರ ಬಗ್ಗೆ ಜನರ ಅಹವಾಲು ಕೇಳುವ ಸಭೆ ನಡೆಯಿತು. ಹಳೆಯ ಯಂತ್ರಗಳ ಬದಲಿಗೆ ಕಡಿಮೆ ಇದ್ದಲು ತಿನ್ನುವ ಹೊಸ ಯಂತ್ರಗಳು ಬರುತ್ತವೆ, ಕೆಲಸ ಸಿಗುತ್ತದೆ, ರಾಜ್ಯದ ಬೇಡಿಕೆ ಏರುತ್ತಿದೆ ಎಂಬುದು ಒಂದು ಕಡೆಯ ವಾದ. ಈಗಿರುವ ಹೊಗೆ ಬೂದಿಗಳೇ ಸಾಕಾಗಿವೆ, ಇನ್ನಷ್ಟು ಭಾರವನ್ನು ಇದೇ ನೆಲದ ಮೇಲೆ ಏಕೆ ಹೇರುತ್ತೀರಿ ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ಎರಡೂ ಕಡೆ ಸತ್ಯವಿದೆ. ಆದರೆ ಮೊದಲನೆಯ ವಾದದ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ಎರಡನೆಯದರ ನಷ್ಟ ಕೆಲವೇ ಹಳ್ಳಿಗಳ ಮೇಲೆ ಬೀಳುತ್ತದೆ. ನ್ಯಾಯ ನೋಡುವವರು ಈ ಭೇದವನ್ನು ಗಮನಿಸಬೇಕು.

ಇದು ನಮ್ಮ ನಾಡಿನ ಮಾತೂ ಹೌದು

ಇದೆಲ್ಲ ಮರಾಠಿ ನೆಲದ ಕಥೆ, ಕನ್ನಡಿಗರಾದ ನಮಗೇನು ಎಂದು ಯಾರೂ ಹೇಳಬಾರದು. ವಿದ್ಯುತ್ತಿನ ಈ ರೀತಿ ನಮ್ಮ ನಾಡಿನಲ್ಲಿಯೂ ಹಳೆಯದು.

೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದಾಗ ಅದು ಮೊದಲು ಹೋದದ್ದು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ದೂರದ ತಂತಿ ಆ ಕಾಲಕ್ಕೆ ಜಗತ್ತಿನಲ್ಲಿಯೇ ದೊಡ್ಡ ಸಾಹಸ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಆ ಕೆಲಸವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ೧೯೦೫ರಲ್ಲಿ. ಧುಮ್ಮಿಕ್ಕುವ ನೀರಿನ ಸದ್ದು ಕೇಳುತ್ತ ಮಲಗುವ ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ.

ಮುಂದೆ ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು. ಲಿಂಗನಮಕ್ಕಿಯ ನೀರು ಏರಿದಾಗ ಮನೆ, ಅಡಕೆಯ ತೋಟ, ದೇವರಗುಡಿಗಳನ್ನು ಬಿಟ್ಟು ಎದ್ದುಹೋದ ಸಂಸಾರಗಳ ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿರುವರು. ನಮ್ಮ ಓದುಗರಲ್ಲಿ ಕೆಲವರು ಆ ಸೀಮೆಯವರೇ ಇದ್ದರೆ ಆಶ್ಚರ್ಯವಿಲ್ಲ.

ಇನ್ನೂ ಹತ್ತಿರದ ಸಂಬಂಧ ಬೇಕೆಂದರೆ ಚಂದ್ರಪುರ ಜಿಲ್ಲೆಯ ಬರಾಂಜಕ್ಕೆ ಹೋಗಿ ನೋಡಬೇಕು. ಅಲ್ಲಿಯ ಕಲ್ಲಿದ್ದಲು ಬಳ್ಳಾರಿಯ ಸ್ಥಾವರಕ್ಕಾಗಿ ಅಗೆಯಲ್ಪಟ್ಟದ್ದು. ೨೦೦೮ರಲ್ಲಿ ಗಣಿಯ ಕೆಲಸ ಮೊದಲಾಯಿತು. ೨೦೧೪ರಲ್ಲಿ ಸುಪ್ರೀಂ ಕೋರ್ಟು ದೇಶದ ಇದ್ದಲ ಗಣಿಗಳ ಹಂಚಿಕೆಯನ್ನೇ ರದ್ದು ಮಾಡಿದಾಗ ಇದೂ ನಿಂತಿತು. ೨೦೧೫ರಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕೆ ಮತ್ತೆ ಸೇರಿತು. ಗಣಿಗಾಗಿ ನೆಲ ಬಿಟ್ಟ ಹಳ್ಳಿಗರು ಪರಿಹಾರಕ್ಕೂ ಪುನರ್ವಸತಿಗೂ ಹೋರಾಡಿದರು. ಎಂದರೆ, ವಿದರ್ಭದ ರೈತನ ಹೊಲದ ಕೆಳಗಿನ ಕಪ್ಪು ಕಲ್ಲು ಕನ್ನಡದ ಮನೆಯಲ್ಲಿ ದೀಪವಾಗಿ ಉರಿಯುತ್ತದೆ. ಇಲ್ಲಿ ನೆಲಸಿ, ಅಲ್ಲಿ ನಂಟು ಉಳಿಸಿಕೊಂಡ ನಮ್ಮಂಥವರಿಗೆ ಈ ಲೆಕ್ಕದ ಎರಡೂ ಬದಿ ಕಾಣಬೇಕು.

ದೂರದ ಜಾಂಬಿಯಾದ ಪಾಠ

ಇದ್ದಲು ಬೇಡ, ನೀರೇ ಸಾಕು ಎನ್ನುವವರು ಆಫ್ರಿಕ ಖಂಡದ ಜಾಂಬಿಯಾ ದೇಶವನ್ನು ನೋಡಬೇಕು. ಅದರ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಜಲಶಕ್ತಿಯದು. ಜಾಂಬೆಸಿ ನದಿಗೆ ೧೯೫೦ರ ದಶಕದ ಕೊನೆಯಲ್ಲಿ ಕಟ್ಟಿದ ಕರೀಬಾ ಅಣೆಕಟ್ಟು ಅದರ ಬೆನ್ನೆಲುಬು. ೨೦೨೪ರಲ್ಲಿ ಭೀಕರ ಬರ ಬಿದ್ದಿತು. ಸರಕಾರ ಅದನ್ನು ರಾಷ್ಟ್ರೀಯ ವಿಪತ್ತೆಂದು ಸಾರಿತು. ಕರೀಬಾದ ನೀರು ತಳ ಕಂಡಿತು. ಊರೂರುಗಳಲ್ಲಿ ದಿನಕ್ಕೆ ಕೆಲವೇ ತಾಸು ಕರೆಂಟು. ಕ್ಷೌರದಂಗಡಿ, ಬೆಸುಗೆಯ ಅಂಗಡಿ, ಹಿಟ್ಟಿನ ಗಿರಣಿ ಎಲ್ಲವೂ ನಿಂತವು. ಕರೆಂಟಿನ ಒಲೆ ಉರಿಯದಾದಾಗ ಜನ ಕಟ್ಟಿಗೆಯ ಇದ್ದಲಿಗೆ ತಿರುಗಿದರು. ಕಾಡಿಗೆ ಕೊಡಲಿ ಬಿತ್ತು.

ಈ ಸಂಕಟದಿಂದ ಆ ಜನ ಕಲಿತದ್ದು ಒಂದುಂಟು. ಎಲ್ಲ ಕಾಳುಗಳನ್ನೂ ಒಂದೇ ಕಣಜದಲ್ಲಿ ತುಂಬಬಾರದು. ಸೂರ್ಯನ ಫಲಕಗಳ ಆಮದು ಏರಿತು. ಸಣ್ಣ ಅಂಗಡಿಕಾರರು ಕೂಡ ಒಂದೆರಡು ಫಲಕ, ಒಂದು ಬ್ಯಾಟರಿ ಕೊಂಡು ಕೆಲಸ ಸಾಗಿಸಿದರು. ೨೦೨೫ರಲ್ಲಿ ಚಿಸಾಂಬಾ ಎಂಬಲ್ಲಿ ೧೦೦ ಮೆಗಾವಾಟಿನ ಸೌರ ಸ್ಥಾವರ ಆರಂಭವಾಯಿತು. ಅದರೊಡನೆ ಅವರು ಇದ್ದಲಿನ ಸ್ಥಾವರವನ್ನೂ ಹಿಗ್ಗಿಸಲು ಹೊರಟಿದ್ದಾರೆಂಬುದನ್ನೂ ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುವುದು. ಹಸಿದವನು ಕೈಗೆ ಸಿಕ್ಕಿದ್ದನ್ನೆಲ್ಲ ಹುಡುಕುತ್ತಾನೆ.

ನಗುವ ಕಾರಣವಿಲ್ಲ. ೨೦೨೩ರಲ್ಲಿ ಮುಂಗಾರು ಕೈಕೊಟ್ಟಾಗ ನಮ್ಮ ಕರ್ನಾಟಕದ ಬಹುಪಾಲು ತಾಲೂಕುಗಳು ಬರಕ್ಕೆ ತುತ್ತಾದವು. ಜಲಾಶಯಗಳು ತುಂಬಲಿಲ್ಲ, ಪಂಪುಸೆಟ್ಟುಗಳು ಎಂದಿಗಿಂತ ಹೆಚ್ಚು ಓಡಿದವು. ಆ ಅಕ್ಟೋಬರಿನಲ್ಲಿ ರೈತರಿಗೆ ಕೊಡುವ ತ್ರೀ ಫೇಸ್ ಕರೆಂಟಿನ ತಾಸುಗಳನ್ನು ಕಡಿತ ಮಾಡಬೇಕಾಯಿತು. ಖಾಸಗಿ ಉತ್ಪಾದಕರು ವಿದ್ಯುತ್ತನ್ನು ರಾಜ್ಯಕ್ಕೇ ಮಾರತಕ್ಕದ್ದೆಂದು ಸರಕಾರ ಕಾನೂನಿನ ಬಲದಿಂದ ಅಪ್ಪಣೆ ಹೊರಡಿಸಿತು. ಕರೀಬಾದ ಕಥೆ ಶರಾವತಿಗೂ ತಪ್ಪಿದ್ದಲ್ಲ.

ಬಿಸಿಲಿನ ಬೆಳೆ

ಹಾಗಾದರೆ ದಾರಿ ಯಾವುದು? ನಾವು ಬೈಯುವ ಬಿಸಿಲಿನಲ್ಲಿಯೇ ಒಂದು ದಾರಿ ಇದೆ. ೨೦೨೫ರ ಜನವರಿಯ ಕೊನೆಗೆ ಭಾರತದ ಸೌರವಿದ್ಯುತ್ ಸಾಮರ್ಥ್ಯ ಒಂದು ಲಕ್ಷ ಮೆಗಾವಾಟನ್ನು ದಾಟಿತು. ಆದರೆ ಸಾಮರ್ಥ್ಯ ಬೇರೆ, ಉತ್ಪನ್ನ ಬೇರೆ. ರಾತ್ರಿ ಸೂರ್ಯನಿಲ್ಲ, ಮೋಡ ಕವಿದರೆ ಅರೆಹೊಟ್ಟೆ. ಆದ್ದರಿಂದಲೇ ದೇಶದಲ್ಲಿ ತಯಾರಾಗುವ ಯೂನಿಟ್ಟುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಇನ್ನೂ ಇದ್ದಲಿನದೇ. ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ದೀಪ, ಟಿ.ವಿ., ಕೂಲರು ಒಟ್ಟಿಗೆ ಹತ್ತುವ ಹೊತ್ತಿಗೆ ಸೂರ್ಯ ಮನೆಗೆ ಹೋಗಿರುತ್ತಾನೆ. ಹಗಲಿನ ಶಕ್ತಿಯನ್ನು ಸಂಜೆಗೆ ಕೂಡಿಡುವುದೇ ಈಗಿನ ದೊಡ್ಡ ಸಮಸ್ಯೆ. ಬ್ಯಾಟರಿ ಒಂದು ಉಪಾಯ. ಹಗಲಿನಲ್ಲಿ ನೀರನ್ನು ಮೇಲಿನ ಕೆರೆಗೆ ಏರಿಸಿ, ಸಂಜೆ ಕೆಳಕ್ಕೆ ಬಿಟ್ಟು ವಿದ್ಯುತ್ತು ಪಡೆಯುವುದು ಇನ್ನೊಂದು. ಶರಾವತಿ ಕಣಿವೆಯಲ್ಲಿ ಅಂಥ ೨,೦೦೦ ಮೆಗಾವಾಟಿನ ಯೋಜನೆಯ ಬಗ್ಗೆ, ಸಿಂಗಳೀಕಗಳ ಕಾಡಿನ ಬಗ್ಗೆ ಎದ್ದಿರುವ ವಾದವನ್ನು ಊರಿನ ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ.

ಬಿಸಿಲಿನ ಬೆಳೆಯಲ್ಲಿಯೂ ನ್ಯಾಯದ ಪ್ರಶ್ನೆ ಬಿಟ್ಟದ್ದಲ್ಲ. ತುಮಕೂರು ಜಿಲ್ಲೆಯ ಪಾವಗಡ ಬರಗಾಲಕ್ಕೆ ಹೆಸರಾದ ಸೀಮೆ. ಅಲ್ಲಿ ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನ ೨೦೧೯ರ ಕೊನೆಗೆ ಪೂರ್ತಿಯಾಯಿತು. ಇಲ್ಲಿ ಒಂದು ಒಳ್ಳೆಯ ಕ್ರಮ ನಡೆಯಿತು: ರೈತರ ನೆಲವನ್ನು ಕಸಿದುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಏರುವ ಗೇಣಿ. ನೆಲದ ಒಡೆತನ ರೈತನಲ್ಲೇ ಉಳಿಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ನೆಲವಿಲ್ಲದವರಿಗೆ, ಕುರಿ ಕಾಯುವವರಿಗೆ ಗೇಣಿಯಿಲ್ಲ, ಕೆಲಸವೂ ಹೋಯಿತು. ಇಲ್ಲಿಯೂ ದೀಪದ ಬುಡ ಪೂರ್ತಿ ಬೆಳಗಲಿಲ್ಲ; ಕೋರಾಡಿಗಿಂತ ಕತ್ತಲೆ ಕಡಿಮೆಯಾಯಿತು ಎನ್ನಬಹುದು.

ಮಹಾರಾಷ್ಟ್ರದಲ್ಲಿ ೨೦೧೭ರಿಂದ ನಡೆದಿರುವ ಸೌರ ಕೃಷಿ ವಾಹಿನಿ ಯೋಜನೆ ಈ ದೃಷ್ಟಿಯಿಂದ ಗಮನಿಸತಕ್ಕದ್ದು. ಹಳ್ಳಿಯ ಹತ್ತಿರದಲ್ಲೇ ಸಣ್ಣ ಸೌರ ಸ್ಥಾವರ ಹಾಕಿ, ಅಲ್ಲಿಯ ಪಂಪುಗಳಿಗೆ ಹಗಲಿನಲ್ಲಿಯೇ ಕರೆಂಟು ಕೊಡುವುದು ಅದರ ಗುರಿ. ಇರುಳು ಎರಡು ಗಂಟೆಗೆ ಕರೆಂಟು ಬಂದಾಗ ಕಂದೀಲು ಹಿಡಿದು, ಹಾವು ಚೇಳುಗಳ ನಡುವೆ ಹೊಲಕ್ಕೆ ನೀರು ಕಟ್ಟಲು ಹೋಗುವ ರೈತನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ. ಇಲ್ಲಿ ಶಕ್ತಿ ಹುಟ್ಟಿದ ಊರಿನಲ್ಲಿಯೇ ಬಳಕೆಯಾಗುತ್ತದೆ.

ನಮ್ಮ ಮಾಳಿಗೆಯ ಮೇಲೆ

ದೊಡ್ಡವರ ಮಾತಾಯಿತು; ಇನ್ನು ನಮ್ಮ ಮನೆಯ ಮಾತು. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿ.ಎಂ. ಸೂರ್ಯ ಘರ್ ಎಂಬ ಯೋಜನೆಯನ್ನು ಆರಂಭಿಸಿತು. ಮನೆಯ ಮಾಳಿಗೆಯ ಮೇಲೆ ಒಂದು ಕಿಲೊವಾಟಿನ ಫಲಕ ಹಾಕಿಸಿದರೆ ೩೦,೦೦೦, ಎರಡಕ್ಕೆ ೬೦,೦೦೦, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ ೭೮,೦೦೦ ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿತು. ವಸತಿ ಸೊಸೈಟಿಗಳ ಸಾಮಾನ್ಯ ದೀಪ, ಪಂಪು, ಲಿಫ್ಟುಗಳ ಸಲುವಾಗಿ ಕಿಲೊವಾಟಿಗೆ ೧೮,೦೦೦ ರೂಪಾಯಿಯನ್ನು ಇಟ್ಟಿತು. ಫ್ಲ್ಯಾಟಿನಲ್ಲಿರುವವರು ನಮಗೆ ಮಾಳಿಗೆಯೆಲ್ಲಿ ಎಂದು ಕೈಚೆಲ್ಲಬೇಕಾಗಿಲ್ಲ.

ನಾಗಪುರದ ಬಿಸಿಲಿಗೆ ಒಂದು ಕಿಲೊವಾಟಿನ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಸುಮಾರು ನೂರು ಚದರಡಿ ಜಾಗ ಬೇಕು. ಮೂರು ಕಿಲೊವಾಟಿಗೆ ತಿಂಗಳಿಗೆ ಮುನ್ನೂರೈವತ್ತು ಯೂನಿಟ್ಟಿನ ಹತ್ತಿರ ಬರುತ್ತದೆ. ಮಧ್ಯಮ ವರ್ಗದ ಒಂದು ಸಂಸಾರಕ್ಕೆ ಅಷ್ಟು ಸಾಕು. ಹಗಲಿನಲ್ಲಿ ಹೆಚ್ಚಾದದ್ದು ತಂತಿಯ ಮೂಲಕ ಹೊರಗೆ ಹೋಗುತ್ತದೆ, ಇರುಳಲ್ಲಿ ಬೇಕಾದದ್ದು ಒಳಗೆ ಬರುತ್ತದೆ. ನೆಟ್ ಮೀಟರು ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ನೆರೆಮನೆಗೆ ಸೇರು ಅಕ್ಕಿ ಕೊಟ್ಟು, ಬೇಕಾದಾಗ ತಿರುಗಿ ಪಡೆದಂತೆ.

ಹಾಕಿಸುವ ಮುಂಚೆ ತಿಳಿದಿರಬೇಕಾದ ಮಾತುಗಳು ನಾಲ್ಕಿವೆ. ಮೊದಲನೆಯದು, ಬ್ಯಾಟರಿಯಿಲ್ಲದ ಸಾಮಾನ್ಯ ವ್ಯವಸ್ಥೆಯಲ್ಲಿ ಬೀದಿಯ ಕರೆಂಟು ಹೋದರೆ ನಿಮ್ಮ ಫಲಕವೂ ಕೆಲಸ ನಿಲ್ಲಿಸುತ್ತದೆ. ತಂತಿ ರಿಪೇರಿ ಮಾಡಲು ಕಂಬ ಹತ್ತಿದವನಿಗೆ ನಿಮ್ಮ ಮನೆಯ ಕರೆಂಟು ತಾಗದಿರಲೆಂದು ಈ ಏರ್ಪಾಡು. ಇದನ್ನು ಹೇಳದ ಮಾರಾಟಗಾರನ ಮಾತಿಗೆ ಮರುಳಾಗಬೇಡಿರಿ. ಎರಡನೆಯದು, ಫಲಕಕ್ಕೆ ಬೆಳಕು ಬೇಕು, ಕಾವು ಬೇಡ. ಮೇ ತಿಂಗಳ ಉರಿಯಲ್ಲಿ ಅದರ ಶಕ್ತಿ ತುಸು ಕುಂದುತ್ತದೆ. ಮೂರನೆಯದು, ಧೂಳನ್ನು ಒರೆಸುತ್ತಿರಬೇಕು. ಬೂದಿ ಹಾರಿ ಬರುವ ಕಡೆ ಇನ್ನೂ ಹೆಚ್ಚು. ಇದ್ದಲಿನ ಬೂದಿ ಸೂರ್ಯನ ಕಣ್ಣಿಗೂ ಬೀಳುತ್ತದೆ! ನಾಲ್ಕನೆಯದು, ನೀರಿನ ಟಾಕಿ, ಪಕ್ಕದ ಕಟ್ಟಡ, ಬೇವಿನ ಮರ ಇವುಗಳ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಮೊದಲೇ ನೋಡಿಟ್ಟುಕೊಳ್ಳಬೇಕು.

ಫಲಕ ಹಾಕಿಸಲಾರದವರಿಗೂ ಕೆಲಸವಿದೆ. ಒಬ್ಬರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಕೋರಾಡಿಯಲ್ಲಿ ಇದ್ದಲು ತಿನ್ನುತ್ತದೆ. ಮನೆಯಲ್ಲಿ ದಿನಕ್ಕೆ ಒಂದು ಯೂನಿಟ್ ಉಳಿಸಿದರೆ ವರ್ಷಕ್ಕೆ ಎರಡು ಕ್ವಿಂಟಲಿಗೂ ಹೆಚ್ಚು ಇದ್ದಲು ನೆಲದಲ್ಲಿ ಉಳಿಯುತ್ತದೆ. ಎಪ್ಪತ್ತೆಂಬತ್ತು ಕಿಲೊ ಬೂದಿ ಯಾರದೋ ಹೊಲದ ಮೇಲೆ ಬೀಳುವುದು ತಪ್ಪುತ್ತದೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ ನೋಡಿರಿ. ಆಮೇಲೆ ಗುಂಡಿ ಆರಿಸಲು ಅವರಿಗೆ ಹೇಳಬೇಕಾಗುವುದಿಲ್ಲ.

ಕೋರಾಡಿಯ ಚಿಮಣಿಗಳು ನಾಳೆಯೇ ನಿಲ್ಲುವುದಿಲ್ಲ. ನಿಲ್ಲಿಸಿದರೆ ಆಸ್ಪತ್ರೆಯ ಯಂತ್ರವೂ ರೈಲೂ ನಿಂತಾವು. ಅಲ್ಲಿ ದುಡಿಯುವ ಸಾವಿರಾರು ಜನರ ಅನ್ನದ ಪ್ರಶ್ನೆಯೂ ಇದೆ. ನಾವು ಕೇಳಬೇಕಾದದ್ದು ಇಷ್ಟೆ: ಇರುವ ಚಿಮಣಿ ತನ್ನ ಹೊಗೆಯನ್ನು ತೊಳೆಯಲಿ, ಬೂದಿಕೆರೆಯ ಕಟ್ಟೆ ಭದ್ರವಾಗಿರಲಿ, ನೆಲ ಬಿಟ್ಟವರ ಬಾಕಿ ಮೊದಲು ಸಲ್ಲಲಿ, ಹೊಸ ಭಾರವನ್ನು ಹೊರಿಸುವ ಮುಂಚೆ ಬಿಸಿಲಿಗೂ ಉಳಿತಾಯಕ್ಕೂ ಅವಕಾಶ ಸಿಗಲಿ. ನಮ್ಮ ಸಂಘದ ಸದಸ್ಯರಲ್ಲಿ ಇಂಜಿನಿಯರರಿದ್ದಾರೆ, ಬ್ಯಾಂಕಿನವರಿದ್ದಾರೆ, ಸೊಸೈಟಿಗಳ ಕಾರ್ಯದರ್ಶಿಗಳಿದ್ದಾರೆ. ಒಂದು ಭಾನುವಾರ ಸೇರಿ, ನಮ್ಮ ಮಾಳಿಗೆಗಳ ಲೆಕ್ಕವನ್ನು ತೆಗೆದು ನೋಡಿದರೆ ಹೇಗೆ? ಉಂಡ ಮನೆಗೆ ಎರಡು ಬಗೆಯಬಾರದೆಂದು ಹಿರಿಯರು ಹೇಳುವರು. ನಮಗೆ ಅನ್ನ ಕೊಟ್ಟ ಈ ನೆಲದ ಹೊಲಗಳ ಮೇಲೆ ಬೀಳುವ ಬೂದಿಯಲ್ಲಿ ಒಂದು ಬೊಗಸೆಯಷ್ಟನ್ನಾದರೂ ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ.